ಕಟ್ ಅಂದು ಸುಮ್ಮನಾಗುತ್ತಿದ್ದ ಕಾರು

ಕೀ ತಿರುಗಿಸಿದರೆ ಕಟ್ ಅಂತ ಒಂದೇ ಸದ್ದು, ಎಂಜಿನ್ ಅಲ್ಲಾಡುವುದಿಲ್ಲ. ಗ್ಯಾರೇಜಿನಲ್ಲಿ ನೋಡದೆಯೇ ಬ್ಯಾಟರಿ ಬದಲಾಯಿಸಿ ಅಂದರು. ಮಲ್ಟಿಮೀಟರ್ ಹಿಡಿದರೆ ಬ್ಯಾಟರಿ 12.6 ವೋಲ್ಟ್ ಇತ್ತು, ಅಂದರೆ ಚಾರ್ಜ್ ತುಂಬಿತ್ತು. ಕೀ ತಿರುಗಿಸಿ ಹಿಡಿದಾಗಲೂ 12ರ ಹತ್ತಿರವೇ, ಹೆಡ್‌ಲೈಟ್ ಕೂಡ ಮಂಕಾಗಲಿಲ್ಲ. ಬ್ಯಾಟರಿ ಸತ್ತಿದ್ದರೆ ಎರಡೂ ಕುಸಿಯಬೇಕಿತ್ತು, ಅಲ್ವಾ? ಅಂದರೆ ಕರೆಂಟ್ ದಾರಿಯಲ್ಲೇ ಎಲ್ಲೋ ತಡೆಯುತ್ತಿದೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿ, ತಮ್ಮನನ್ನು ಕೀ ಹತ್ತಿರ ಕೂರಿಸಿದೆ. ಮೀಟರ್ 20 ವೋಲ್ಟ್ ಡಿಸಿಗೆ. ಬ್ಯಾಟರಿಯ ಪ್ಲಸ್‌ನಿಂದ ಸ್ಟಾರ್ಟರ್‌ನ (ಎಂಜಿನ್ ತಿರುಗಿಸುವ ಮೋಟಾರ್) ದಪ್ಪ ಬೋಲ್ಟಿಗೆ, ಕ್ರ್ಯಾಂಕ್ ಮಾಡುವಾಗ ಅಂದರೆ ಕೀ ತಿರುಗಿಸಿ ಹಿಡಿದಾಗ, 0.1 ವೋಲ್ಟ್. ಈ ದಾರಿಯಲ್ಲಿ ವೋಲ್ಟ್ ಹೆಚ್ಚು ಕಳೆದುಹೋಗುತ್ತಿಲ್ಲ, ಸರಿ ಇದೆ. ಮೈನಸ್‌ನಿಂದ ಎಂಜಿನ್ ಬ್ಲಾಕಿಗೆ ಇಟ್ಟರೆ 7 ವೋಲ್ಟ್! ಅರ್ಧ ವೋಲ್ಟ್ ದಾಟಿದರೂ ಜಾಸ್ತಿಯೇ.

ಎಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿಯೇ, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವ ತಂತಿಯೇ ಕಳ್ಳ. ಮೇಲೆ ನೋಡಿದರೆ ಗಟ್ಟಿಯಾಗಿತ್ತು, ಬೋಲ್ಟ್ ಬಿಚ್ಚಿದರೆ ಕೆಳಗೆ ಹಸಿರು ಪುಡಿ, ತುಕ್ಕು. ಎರಡು ಮೂರು ಎಳೆಗಳಷ್ಟೇ ಹಿಡಿದುಕೊಂಡಿದ್ದವು. ತಂತಿ ತುಂಡಾಗಿಲ್ಲ ಎಂದು ಮೀಟರ್ ಬೀಪ್ ಮಾಡಿ ಹೇಳುವ ಬಜರ್ ಟೆಸ್ಟಿನಲ್ಲಿ ಇದು ಪಾಸಾಗಿಬಿಡುತ್ತದೆ, ಏಕೆಂದರೆ ಅದಕ್ಕೆ ಬೇಕಾದ ಕರೆಂಟ್ ತೀರಾ ಕಡಿಮೆ. ಸ್ಟಾರ್ಟರ್ ಎಳೆಯುವುದು ನೂರಾರು ಆಂಪಿಯರ್.

ಬ್ಯಾಟರಿಯ ಮೈನಸ್ ಕಳಚಿ, ಲೋಹ ಹೊಳೆಯುವ ತನಕ ಉಪ್ಪುಕಾಗದದಿಂದ ಉಜ್ಜಿದೆ. ಹೊಸ ಪಟ್ಟಿ ಬಿಗಿದು ಮೇಲೆ ಗ್ರೀಸ್ ಸವರಿದೆ. ಈಗ ಅದೇ ಜಾಗದಲ್ಲಿ 0.15 ವೋಲ್ಟ್. ಬ್ಯಾಟರಿ ಹಳೆಯದೇ ಇದೆ.