ಮುಂದಿನ ಶಾಫ್ಟ್ ಬಿಚ್ಚಿದೆ, ಗಾಡಿ ನಿಂತಲ್ಲೇ ನಿಂತಿತು

ಕೆಲಸ ಮುಗಿಸಿ, ಕೈ ತೊಳೆದು, ಗಾಡಿ ಸ್ಟಾರ್ಟ್ ಮಾಡಿದೆ. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ. ಗಾಡಿ ಕದಲಲಿಲ್ಲ. ಎಂಜಿನ್ ಓಡುತ್ತಿದೆ, ಗೇರ್ ಬಿದ್ದಿದೆ, ಅಡಿಯಲ್ಲಿ ಏನೋ ಗಿರ್ರನೆ ತಿರುಗುತ್ತಿದೆ. ಚಕ್ರ ಮಾತ್ರ ಅಲ್ಲಾಡುತ್ತಿಲ್ಲ. "ಕ್ಲಚ್ ಹೋಯ್ತು ಸಾರ್" ಅಂದರು ಮೇಸ್ತ್ರಿ. ಆವತ್ತು ಬೆಳಿಗ್ಗೆ ಅದೇ ಕ್ಲಚ್‌ನಲ್ಲೇ ಗುಬ್ಬಿಯಿಂದ ತುಮಕೂರಿಗೆ ಬಂದಿದ್ದೆ. ಅದು ಇಬ್ಬರಿಗೂ ಹೊಳೆಯಲಿಲ್ಲ.

ಗಾಡಿ 2011ರ ಗ್ರಾಂಡ್ ವಿಟಾರಾ, 2.4 ಲೀಟರ್ ಪೆಟ್ರೋಲ್. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು, ತೋಟಕ್ಕೆ ಓಡಾಡಲು. ಜೀಪು, ಜಿಪ್ಸಿಗಳಲ್ಲಿ ಬೇಕಾದಾಗ ಮಾತ್ರ ಮುಂದಿನ ಚಕ್ರಕ್ಕೆ ಪವರ್ ಕೊಡಬಹುದು. ಇದರಲ್ಲಿ ಆ ಮಾತೇ ಇಲ್ಲ, ಯಾವಾಗಲೂ ನಾಲ್ಕೂ ಚಕ್ರ. ಡ್ಯಾಶ್‌ಬೋರ್ಡ್ ಮೇಲೊಂದು ತಿರುಗಣೆ ಇದೆ: ನ್ಯೂಟ್ರಲ್, 4ಎಚ್, 4ಎಚ್ ಲಾಕ್, 4ಎಲ್ ಲಾಕ್. 4ಎಚ್ ಅಂದರೆ ನಾಲ್ಕೂ ಚಕ್ರ, ಮಾಮೂಲಿ ವೇಗ. 4ಎಲ್ ಅಂದರೆ ನಾಲ್ಕೂ ಚಕ್ರ, ವೇಗ ಕಮ್ಮಿ, ಬಲ ಜಾಸ್ತಿ. ಎರಡೇ ಚಕ್ರ ಎಳೆಯುವ 2ಎಚ್ ಅನ್ನೋದೇ ಇಲ್ಲ.

ಹಾಳು ಮಾಡಿಕೊಂಡಿದ್ದು ನಾನೇ. 2022ರಲ್ಲಿ ನಮ್ಮ ಕಡೆ ಕೆರೆಗಳೆಲ್ಲ ತುಂಬಿ ಕೋಡಿ ಬಿದ್ದವಲ್ಲ, ಆಗ ದೊಡ್ಡ ಶೂರನ ಹಾಗೆ ಕೋಡಿ ನೀರಲ್ಲಿ ಗಾಡಿ ಇಳಿಸಿದೆ. ದೂರದಿಂದ ಬಂದಿದ್ದೆ, ಮುಂದಿನ ಡಿಫರೆನ್ಷಿಯಲ್, ಅಂದರೆ ಮುಂದಿನ ಎರಡು ಚಕ್ರಕ್ಕೆ ಪವರ್ ಹಂಚುವ ಗೇರುಗಳ ಪೆಟ್ಟಿಗೆ, ಬಿಸಿಯಾಗಿತ್ತು. ಬಿಸಿ ಹೌಸಿಂಗ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ನೀರು ಎಳೆದುಕೊಳ್ಳುತ್ತದೆ. ನೀರು ಇಳಿದ ಮೇಲೆ ಒಂದು ಸಲ ಆಯಿಲ್ ಬಿಚ್ಚಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ಐದಾರು ತಿಂಗಳಾದ ಮೇಲೆ 60 ದಾಟಿದರೆ ಮುಂದಿನಿಂದ ಗುಂಯ್ ಅನ್ನೋ ಸದ್ದು ಶುರುವಾಯಿತು. ಡ್ರೈನ್ ಪ್ಲಗ್ ತೆಗೆದರೆ ಬಂದಿದ್ದು ಆಯಿಲ್ ಅಲ್ಲ, ಹಾಲು ಜಾಸ್ತಿ ಹಾಕಿದ ಟೀ. ಪಿನಿಯನ್ ಬೇರಿಂಗ್ ತುಕ್ಕು ತಿಂದಿತ್ತು. ಹೊಸ ಪಾರ್ಟ್‌ಗೆ ಹೇಳಿದ ರೇಟು ಕೇಳಿ ಮನೆಯಲ್ಲಿ ಗಾಡಿಯನ್ನೇ ಮಾರಿಬಿಡಿ ಅಂದರು. ಗುಜರಿಯಲ್ಲಿ ಹುಡುಕಿದೆವು, ಸಿಗಲಿಲ್ಲ.

ಸರಿ, ಪಾರ್ಟ್ ಸಿಗುವವರೆಗೆ ಹಿಂದಿನ ಚಕ್ರದ ಮೇಲೇ ಓಡಿಸೋಣ ಅಂತಾಯಿತು. ಪ್ಲಾನ್ ಬಹಳ ಸುಲಭ ಅನ್ನಿಸಿತ್ತು. ಗೇರ್‌ಬಾಕ್ಸ್‌ನಿಂದ ಬಂದ ಪವರನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸ್‌ನಿಂದ ಮುಂದಿನ ಡಿಫರೆನ್ಷಿಯಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದರೆ ಆಯ್ತು, ಅಲ್ವಾ? ಬಿಚ್ಚುವ ಮೊದಲು ಜೋಡಣೆಯ ಜಾಗದಲ್ಲಿ ಬಿಳಿ ಪೇಂಟ್‌ನಲ್ಲಿ ಗುರುತು ಹಾಕಿದೆವು. ವಾಪಸ್ ಹಾಕುವಾಗ ಹೇಗಿತ್ತೋ ಹಾಗೇ ಕೂರದಿದ್ದರೆ ಅದುರುತ್ತದೆ. ಟ್ರಾನ್ಸ್‌ಫರ್ ಕೇಸ್‌ನ ಆಯಿಲ್ ಮೊದಲೇ ಇಳಿಸಿದೆವು. ಬಿಚ್ಚಿದ ಬಾಯಿಂದ ಆಯಿಲ್ ಜಿನುಗದ ಹಾಗೆ, ಧೂಳು ಹೋಗದ ಹಾಗೆ ಲೇತ್‌ನವರ ಹತ್ತಿರ ಒಂದು ಮುಚ್ಚಳ ಮಾಡಿಸಿದೆವು. ಆ ಮುಚ್ಚಳಕ್ಕೇ ಒಂದು ದಿನ ಹಿಡಿಯಿತು. ಆಮೇಲೆ ಹೊಸ ಆಯಿಲ್ ತುಂಬಿಸಿ ಸ್ಟಾರ್ಟ್ ಮಾಡಿದ್ದು, ಮೊದಲೇ ಹೇಳಿದ ಹಾಗೆ ಗಾಡಿ ನಿಂತಲ್ಲೇ.

ಮೇಸ್ತ್ರಿ ಗೇರ್‌ಬಾಕ್ಸ್ ಇಳಿಸೋಣ ಅಂತ ಹೊರಟಿದ್ದರು. ಟೀ ಕುಡಿದು ಬರೋಣ ಬನ್ನಿ ಅಂತ ಕರೆದುಕೊಂಡು ಹೋದೆ. ಅಲ್ಲಿ ಕೂತಾಗ ನೆನಪಾಗಿದ್ದು ಕೆಸರಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರ್. ಒಂದು ಚಕ್ರ ಕೆಸರಲ್ಲಿ ಸುಮ್ನೆ ಸುತ್ತುತ್ತದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಕದಲೋದಿಲ್ಲ. ಆಗ ಡ್ರೈವರ್ ಏನು ಮಾಡುತ್ತಾನೆ? ಡಿಫರೆನ್ಷಿಯಲ್ ಲಾಕ್ ಪೆಡಲ್ ತುಳಿಯುತ್ತಾನೆ. ಯಾವಾಗಲೂ ನಾಲ್ಕೂ ಚಕ್ರ ಎಳೆಯುವ ಗಾಡಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಒಳಗೂ ಒಂದು ಡಿಫರೆನ್ಷಿಯಲ್ ಇರುತ್ತದೆ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗಬೇಕಲ್ಲ, ಆ ವ್ಯತ್ಯಾಸ ನುಂಗಲು ಅದು ಬೇಕು. ಮುಂದಿನ ಶಾಫ್ಟ್ ಬಿಚ್ಚಿದರೆ ಆ ಕಡೆ ಭಾರವೇ ಇಲ್ಲ. ಪವರ್ ಎಲ್ಲ ಅತ್ತ ಹೋಗಿ ಖಾಲಿ ಸುತ್ತುತ್ತದೆ. ಗಿರ್ರ್ ಅಂದಿದ್ದು ಅದೇ. ಕ್ಲಚ್ ಅಲ್ಲ, ಏನೂ ಅಲ್ಲ.

ವಾಪಸ್ ಬಂದು ತಿರುಗಣೆಯನ್ನು 4ಎಚ್ ಲಾಕ್‌ಗೆ ಹಾಕಿದೆ, ಅದು ಟ್ರಾನ್ಸ್‌ಫರ್ ಕೇಸ್ ಒಳಗಿನ ಆ ಡಿಫರೆನ್ಷಿಯಲ್‌ಗೆ ಬೀಳುವ ಲಾಕ್. ಲಾಕ್ ದೀಪ ಹತ್ತಿತು. ಕ್ಲಚ್ ಬಿಟ್ಟೆ, ಗಾಡಿ ಬೆಣ್ಣೆ ಹಾಗೆ ಹೊರಟಿತು. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ, ಸ್ಪ್ಯಾನರ್ ಒರೆಸುತ್ತಿದ್ದರು.

ಒಣ ಟಾರ್ ರಸ್ತೆಯಲ್ಲಿ ಲಾಕ್ ಹಾಕಿ ಓಡಿಸಬಾರದು ಅಂತ ಎಲ್ಲರೂ ಹೇಳುತ್ತಾರೆ. ನಾಲ್ಕೂ ಚಕ್ರ ಜೋಡಿಯಾಗಿರುವಾಗ ಅದು ನಿಜ, ತಿರುವಿನಲ್ಲಿ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಮುಂದೆ ಶಾಫ್ಟೇ ಇಲ್ಲದಾಗ ಬಿಗಿಯಲು ಏನೂ ಇಲ್ಲ. ಆದರೆ ಎಂಜಿನ್ನಿನ ಪೂರ್ತಿ ಬಲ ಹಿಂದಿನ ಶಾಫ್ಟ್ ಮೇಲೆ ಬೀಳುತ್ತದೆ. ಅದಕ್ಕೇ ನಾನು 4ಎಲ್ ಮುಟ್ಟೋದಿಲ್ಲ, ಟ್ರೈಲರ್ ಕಟ್ಟೋದಿಲ್ಲ. ಹಿಂದಿನ ಕ್ರಾಸ್ ಜಾಯಿಂಟ್‌ಗಳನ್ನು ಆಗಾಗ ಕೈ ಹಾಕಿ ಅಲ್ಲಾಡಿಸಿ ನೋಡುತ್ತೇನೆ.

ಚಕ್ರದ ಕಡೆಯ ಆಕ್ಸಲ್ ಶಾಫ್ಟ್‌ಗಳನ್ನೂ ತೆಗೆದುಬಿಡೋಣ, ಡಿಫರೆನ್ಷಿಯಲ್ ಪೂರ್ತಿ ನಿಲ್ಲುತ್ತದೆ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಸುಮ್ನೆ ಎಳೆದು ತೆಗೆಯಬೇಡಿ. ಹಬ್ ಮಧ್ಯೆ ಬರುವ ಆಕ್ಸಲ್ ತುದಿ ಮತ್ತು ಅದರ ದೊಡ್ಡ ನಟ್ಟು ವೀಲ್ ಬೇರಿಂಗನ್ನು ಬಿಗಿಯಾಗಿ ಹಿಡಿದಿರುತ್ತವೆ. ಅದಿಲ್ಲದೆ ಗಾಡಿ ಓಡಿಸಿದರೆ ಬೇರಿಂಗ್ ಬಿಚ್ಚಿಕೊಂಡು ಚಕ್ರವೇ ಕೈಕೊಡಬಹುದು. ನಾನು ಹಾಗೇ ಬಿಟ್ಟೆ. ಡಿಫರೆನ್ಷಿಯಲ್ ಈಗಲೂ ಚಕ್ರದ ಜೊತೆ ತಿರುಗುತ್ತದೆ, ಆದರೆ ಭಾರ ಇಲ್ಲ. ಹೊಸ ಆಯಿಲ್ ಹಾಕಿದೆ, ಸದ್ದು ಅರ್ಧಕ್ಕರ್ಧ ಇಳಿಯಿತು.

ಮೈಲೇಜ್ ಬಗ್ಗೆ ಎಲ್ಲರೂ ಕೇಳುತ್ತಾರೆ. ಮೊದಲು 8.5 ಕೊಡುತ್ತಿತ್ತು, ಈಗ 9ಕ್ಕೆ ಹತ್ತಿರ. ಅಷ್ಟೇ. ಇದಕ್ಕೋಸ್ಕರ ಯಾರೂ ಶಾಫ್ಟ್ ಬಿಚ್ಚಬೇಡಿ.

ಭಯ ಹುಟ್ಟಿಸಿದ್ದು ಬೇರೆ ವಿಷಯ. ಒಂದು ಭಾನುವಾರ ದೇವರಾಯನದುರ್ಗಕ್ಕೆ ಹೋಗಿ ಬಂದೆವು. ಘಾಟಿ ಏರುವಾಗ ಒಂದಿಷ್ಟೂ ತೊಂದರೆ ಇಲ್ಲ. ಬರುವಾಗ ಭಾವಮೈದ ಓಡಿಸಿದ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಮನೆಗೆ ಬಂದು, ತೋಟದ ಇಳಿಜಾರಲ್ಲಿ ನಿಲ್ಲಿಸಿದ. ಪಾಪ, ಲಾಕ್ ದೀಪ ಹತ್ತಿರೋದು ನೋಡಿ ತಪ್ಪಾಗಿದೆ ಅಂದುಕೊಂಡು ತಿರುಗಣೆಯನ್ನು 4ಎಚ್‌ಗೆ ತಂದ. ಫಸ್ಟ್ ಗೇರ್‌ನಲ್ಲಿದೆಯಲ್ಲ ಅಂತ ಹ್ಯಾಂಡ್‌ಬ್ರೇಕ್ ಹಾಕಲಿಲ್ಲ. ಇಳಿದು ನಾಲ್ಕು ಹೆಜ್ಜೆ ಇಟ್ಟಿದ್ದ, ಗಾಡಿ ಸದ್ದಿಲ್ಲದೆ ಹೊರಟಿತು. ಲಾಕ್ ಬಿಟ್ಟರೆ ಎಂಜಿನ್ನಿಗೂ ಚಕ್ರಕ್ಕೂ ಸಂಬಂಧವೇ ಇಲ್ಲ, ಗೇರ್ ಹಾಕಿದರೂ ನ್ಯೂಟ್ರಲ್ ಇದ್ದ ಹಾಗೆ. ತೆಂಗಿನ ಮರ ಹಿಡಿದು ನಿಲ್ಲಿಸಿತು. ಬಂಪರ್ ಹೋಯಿತು. ಮಕ್ಕಳು ಆ ಹೊತ್ತಲ್ಲಿ ಮನೆ ಒಳಗಿದ್ದರು, ಅದನ್ನು ನೆನೆದರೆ ಈಗಲೂ ಕೈ ನಡುಗುತ್ತದೆ.

ಮಾರನೇ ದಿನವೇ ತಿರುಗಣೆ ತಿರುಗದ ಹಾಗೆ ಕೆಂಪು ಟೇಪ್ ಸುತ್ತಿದೆ. ಹ್ಯಾಂಡ್‌ಬ್ರೇಕ್ ಬಿಗಿ ಮಾಡಿಸಿದೆ. ಸೀಟಿನ ಕೆಳಗೆ ಎರಡು ಕಲ್ಲು ಇರುತ್ತವೆ, ಇಳಿಜಾರಲ್ಲಿ ಚಕ್ರಕ್ಕೆ ಕೊಟ್ಟೇ ಇಳಿಯೋದು. ಗಾಡಿಯನ್ನು ಬೇರೆಯವರ ಕೈಗೆ ಕೊಡೋದಿಲ್ಲ.

ಇನ್ನೊಂದು. ಕಂಪನಿ ಕೊಟ್ಟ ಗಾಡಿಯನ್ನು ಮಾರ್ಪಾಡು ಮಾಡೋದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಇನ್ಶೂರೆನ್ಸ್‌ನವರೂ ಕೇಳಬಹುದು. ಅದಕ್ಕೇ ಏನನ್ನೂ ಕತ್ತರಿಸಿಲ್ಲ, ವೆಲ್ಡಿಂಗ್ ಮಾಡಿಸಿಲ್ಲ. ಪಾರ್ಟ್ ಸಿಕ್ಕಿದ ದಿನ ಎಲ್ಲ ವಾಪಸ್ ಹಾಕಿಸುತ್ತೇನೆ. ಶಾಫ್ಟ್‌ಗೆ ಗ್ರೀಸ್ ಬಳಿದು, ಗೋಣಿಚೀಲ ಸುತ್ತಿ ಅಟ್ಟದ ಮೇಲಿಟ್ಟಿದ್ದೇನೆ. ಬೋಲ್ಟ್‌ಗಳು ಉಪ್ಪಿನಕಾಯಿ ಬಾಟಲಿಯಲ್ಲಿವೆ.

ಹೋದ ಮಳೆಗಾಲದಲ್ಲಿ ತೋಟದ ಕೆಮ್ಮಣ್ಣಲ್ಲಿ ಹಿಂದಿನ ಚಕ್ರ ಹೂತು, ಪಕ್ಕದ ತೋಟದವರ ಟ್ರ್ಯಾಕ್ಟರ್ ಬಂದು ಎಳೆಯಬೇಕಾಯಿತು. "ಇದು ನಾಲ್ಕೂ ಚಕ್ರ ಎಳೆಯೋ ಗಾಡಿ ಅಂದಿದ್ರಲ್ಲಣ್ಣ?" ಅಂತ ಅವರು ಹಗ್ಗ ಕಟ್ಟುತ್ತಾ ಕೇಳಿದರು. ಎರಡು ಅಟ್ಟದ ಮೇಲಿವೆ ಅಂದೆ.