ಲೆಟರ್ ನೋಡಿದರೆ ಸಾಲದು, ಲೆಟರ್ ಕೊಟ್ಟವರನ್ನು ಕೇಳಬೇಕು

ನಾನು ಪೀಣ್ಯದ ಒಂದು ಕಂಪನಿಯಲ್ಲಿ ಎಚ್‌ಆರ್. ಮಷಿನ್ ಬಿಡಿಭಾಗ ಮಾಡುವ ಕಂಪನಿ, ಹಾಗಾಗಿ ಸಿಎನ್‌ಸಿ ಆಪರೇಟರ್‌ನಿಂದ ಹಿಡಿದು ಅಕೌಂಟ್ಸ್‌ನವರ ತನಕ ಎಲ್ಲರ ಬಿಜಿವಿಯೂ, ಅಂದರೆ ಹಿನ್ನೆಲೆ ಪರಿಶೀಲನೆಯೂ, ನನ್ನ ಟೇಬಲ್ಲಿಗೇ ಬರುತ್ತದೆ. ಬಹಳ ಕಡೆ ಈ ಕೆಲಸ ಅಂದರೆ ಜೆರಾಕ್ಸ್ ತಗೊಂಡು ಫೈಲಿಗೆ ಹಾಕಿ ಟಿಕ್ ಹೊಡೆಯುವುದು ಅಷ್ಟೇ. ಹಾಗೆ ಮಾಡುವುದಕ್ಕಿಂತ ಮಾಡದೇ ಇರುವುದೇ ವಾಸಿ. ಮಾಡದಿದ್ದರೆ ಕನಿಷ್ಠ ನಮಗೆ ಏನೂ ಗೊತ್ತಿಲ್ಲ ಅನ್ನುವುದಾದರೂ ಗೊತ್ತಿರುತ್ತದೆ.

ಮೊದಲು ಎಕ್ಸ್‌ಪೀರಿಯನ್ಸ್ ಲೆಟರ್. ಲೆಟರ್‌ಹೆಡ್ ಮೇಲಿರುವ ನಂಬರಿಗೆ ನಾನು ಫೋನ್ ಮಾಡುವುದಿಲ್ಲ. ಸುಳ್ಳು ಲೆಟರ್ ಮಾಡಿಸಿದವನು ನಂಬರನ್ನೂ ತನ್ನ ಕಡೆಯವರದ್ದೇ ಹಾಕಿಸಿರುತ್ತಾನೆ, ಆ ಕಡೆಯಿಂದ "ಹೌದು ಮೇಡಂ, ತುಂಬಾ ಒಳ್ಳೆ ಹುಡುಗ" ಅಂತ ಉತ್ತರ ಬರುತ್ತದೆ. ಕಂಪನಿಯ ನಂಬರನ್ನೂ ಇಮೇಲನ್ನೂ ನಾನೇ ಬೇರೆ ಕಡೆಯಿಂದ ಹುಡುಕುತ್ತೇನೆ. ಅದಕ್ಕೂ ಮುಂಚೆ ಲೆಟರ್‌ಹೆಡ್‌ನಲ್ಲಿ ಸಣ್ಣ ಅಕ್ಷರದಲ್ಲಿರುವ ಸಿಐಎನ್, ಅಂದರೆ ಕಂಪನಿಯ ನೋಂದಣಿ ಗುರುತಿನ ಸಂಖ್ಯೆ, ನೋಡುತ್ತೇನೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಲೆಟರ್‌ಹೆಡ್‌ನಲ್ಲಿ ಅದು ಇರಲೇಬೇಕು. ಒಟ್ಟು 21 ಅಕ್ಷರ ಮತ್ತು ಅಂಕಿ. ಮೊದಲು ಒಂದು ಅಕ್ಷರ, ಆಮೇಲೆ ಐದು ಅಂಕಿ, ಆಮೇಲೆ ರಾಜ್ಯ (ನಮ್ಮದಾದರೆ ಕೆಎ), ಅದರ ಪಕ್ಕದ ನಾಲ್ಕು ಅಂಕಿಯೇ ಕಂಪನಿ ನೋಂದಣಿಯಾದ ವರ್ಷ. ಒಬ್ಬ ಹುಡುಗ ತಂದಿದ್ದ ಲೆಟರಿನ ತಾರೀಖು 2018ರದ್ದು, ಸಿಐಎನ್ ಒಳಗೆ ಇದ್ದದ್ದು 2019. ಕಂಪನಿ ಹುಟ್ಟುವ ಮುಂಚೆಯೇ ರಿಲೀವಿಂಗ್ ಲೆಟರ್! ಬಾಕಿ ಎಲ್ಲ ಅಚ್ಚುಕಟ್ಟಾಗಿತ್ತು, ಸೀಲು ಕೂಡ. ಆದರೆ ಸಿಐಎನ್ ವರ್ಷ ಹೊಂದುವುದಿಲ್ಲ ಅಂದ ಮಾತ್ರಕ್ಕೆ ಲೆಟರ್ ಸುಳ್ಳು ಅಂತಲ್ಲ. ಪೀಣ್ಯದಲ್ಲಿ ಪಾರ್ಟ್‌ನರ್‌ಶಿಪ್ ಆಗಿ ಶುರುವಾಗಿ ಎಷ್ಟೋ ವರ್ಷದ ಮೇಲೆ ಪ್ರೈವೇಟ್ ಲಿಮಿಟೆಡ್ ಆದ ಘಟಕಗಳಿವೆ, ಅಲ್ಲಿ ಮೊದಲಿನಿಂದ ಇದ್ದವರ ಸರ್ವೀಸ್ ನೋಂದಣಿಯ ವರ್ಷಕ್ಕಿಂತ ಹಳೆಯದೇ ಇರುತ್ತದೆ. ಆದರೆ 2018ರ ಲೆಟರಿನಲ್ಲಿ 2019ರ ನಂಬರ್ ಇರುವುದಕ್ಕೆ ಅಂಥ ಯಾವ ಕಾರಣವೂ ಇಲ್ಲ, ಅಲ್ವಾ?

ಆಮೇಲೆ ಪಿಎಫ್. ಅಭ್ಯರ್ಥಿಯೇ ನಮ್ಮೆದುರು ಯುಎಎನ್ (ಪಿಎಫ್ ಇರುವ ಪ್ರತಿ ನೌಕರನಿಗೂ ಕೊಡುವ ನಂಬರ್) ಹಾಕಿ ಲಾಗಿನ್ ಮಾಡಿ ಸರ್ವೀಸ್ ಹಿಸ್ಟರಿ ತೋರಿಸಿದರೆ ಯಾವ ಕಂಪನಿ, ಸೇರಿದ ದಿನ, ಬಿಟ್ಟ ದಿನ ಎಲ್ಲ ಸಿಗುತ್ತದೆ. ಪಾಸ್‌ವರ್ಡ್ ಬರೆಸಿಕೊಳ್ಳುವ ಎಚ್‌ಆರ್‌ಗಳೂ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಇಲ್ಲಿ ಜಾಸ್ತಿ ಜನ ಎಡವುವುದು ಎರಡು ಕಡೆ. ಒಂದು, ಲೆಟರಿನಲ್ಲಿ ಒಂದು ಹೆಸರು, ಪಿಎಫ್‌ನಲ್ಲಿ ಇನ್ನೊಂದು. ಕಾಂಟ್ರಾಕ್ಟರ್ ಮೂಲಕ ದುಡಿದವರಿಗೆ ಇದು ಮಾಮೂಲು, ದುಡಿದದ್ದು ಒಂದು ಫ್ಯಾಕ್ಟರಿಯಲ್ಲಿ, ಸಂಬಳ ಬಂದದ್ದು ಏಜೆನ್ಸಿಯಿಂದ. ಎರಡು, ಹಳೇ ಕಂಪನಿ ಬಿಟ್ಟ ದಿನವನ್ನೇ ತುಂಬಿರುವುದಿಲ್ಲ, ಅಥವಾ ತಪ್ಪು ತುಂಬಿರುತ್ತದೆ. ಆಗ ನೋಡುವವರಿಗೆ ಎರಡು ಕಡೆ ಒಟ್ಟಿಗೆ ದುಡಿದ ಹಾಗೆ ಕಾಣುತ್ತದೆ. ನಾನು ತಿಂಗಳ ಪಾಸ್‌ಬುಕ್ ತೆಗೆಸಿ ಕೊನೆಯ ಕಂತು ಯಾವ ತಿಂಗಳದ್ದು ಅಂತ ನೋಡುತ್ತೇನೆ. ಬಿಟ್ಟು ಎರಡು ತಿಂಗಳಾದ ಮೇಲೆ ಖಾಲಿ ಇರುವ ಬಿಟ್ಟ ದಿನವನ್ನು ನೌಕರರೇ ಪೋರ್ಟಲ್‌ನಲ್ಲಿ ಹಾಕಿಕೊಳ್ಳಬಹುದು, ಎಷ್ಟೋ ಜನಕ್ಕೆ ಇದು ಗೊತ್ತೇ ಇಲ್ಲ.

ಹೆಸರಿನ ಗೊಂದಲ ಬಂದರೆ ಮಾತ್ರ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ದೊಡ್ಡ ಹುದ್ದೆಗಳಿಗೆ ಹೊರಗಿನ ಏಜೆನ್ಸಿಗೆ ಕೊಡುತ್ತೇವೆ. ಅವರ ರಿಪೋರ್ಟಿನಲ್ಲಿ "ಹೆಸರು ಹೊಂದುತ್ತಿಲ್ಲ" ಅಂತ ಕೆಂಪು ಗುರುತು ಬಂತು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ "ಮಂಜುನಾಥ ಎಚ್", ಪ್ಯಾನ್‌ನಲ್ಲಿ "ಮಂಜುನಾಥ ಹೊಸಮನಿ". ಇದನ್ನು ಧಾರವಾಡ ಕಡೆಯವರಿಗೆ ವಿವರಿಸಬೇಕಾ? ಇನಿಷಿಯಲ್ ಬಿಡಿಸಿದರೆ ಮನೆತನದ ಹೆಸರು, ಮುಗಿಯಿತು. ಹಳೇ ಮೈಸೂರು ಕಡೆಯಾದರೆ ಅದೇ ಇನಿಷಿಯಲ್ ಊರೂ ಆಗಬಹುದು, ಅಪ್ಪನ ಹೆಸರೂ ಆಗಬಹುದು. ಕೋರ್ಟ್ ದಾಖಲೆ ಹುಡುಕುವಾಗ ಇದು ಇನ್ನೂ ಅಪಾಯ. ಕೋರ್ಟ್ ಕೇಸುಗಳ ಸರ್ಕಾರಿ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಬರೀ ಹೆಸರು ಹಾಕಿದರೆ ಎಷ್ಟು ಮಂಜುನಾಥರು ಸಿಗುತ್ತಾರೋ ಲೆಕ್ಕವಿಲ್ಲ. ಅಪ್ಪನ ಹೆಸರು, ವಿಳಾಸ, ವಯಸ್ಸು ಹೊಂದದೆ "ಕೇಸ್ ಇದೆ" ಅಂತ ಬರೆದರೆ ಯಾರದ್ದೋ ಜಗಳಕ್ಕೆ ಇನ್ನ್ಯಾರದ್ದೋ ಕೆಲಸ ಹೋಗುತ್ತದೆ. ಪೊಲೀಸ್ ವೆರಿಫಿಕೇಷನ್ ಬೇಕೇ ಬೇಕು ಅನ್ನುವ ಕೆಲಸಕ್ಕೆ, ಉದಾಹರಣೆಗೆ ಸೆಕ್ಯುರಿಟಿಗೆ, ಪೊಲೀಸರಿಂದಲೇ ಪತ್ರ ತರಿಸುತ್ತೇವೆ.

ಇನ್ನೊಂದು ಮಾತು. ಅಭ್ಯರ್ಥಿ ಇನ್ನೂ ರಾಜೀನಾಮೆ ಕೊಟ್ಟಿಲ್ಲದಿದ್ದರೆ ಈಗಿನ ಕಂಪನಿಗೆ ಫೋನ್ ಮಾಡಲೇಬಾರದು. ನಮ್ಮ ಒಂದು ಕಾಲ್‌ನಿಂದ ಅಲ್ಲಿ ಅವರ ಕೆಲಸಕ್ಕೆ ಕುತ್ತು ಬರಬಹುದು, ಇಲ್ಲಿ ನಾವು ತಗೊಳ್ಳದೇ ಇರಬಹುದು. ಹಳೇ ಕಂಪನಿಗಳನ್ನು ಮೊದಲು ಮುಗಿಸಿ, ಈಗಿನದ್ದನ್ನು ರಿಲೀವ್ ಆದ ಮೇಲೆ ಕೇಳುತ್ತೇನೆ. ಇದೆಲ್ಲ ಆಫರ್ ಲೆಟರಿನಲ್ಲೇ ಬರೆದು, ಒಪ್ಪಿಗೆ ಸಹಿ ತಗೊಂಡಿರುತ್ತೇನೆ.

ಏನಾದರೂ ಹೊಂದದಿದ್ದರೆ ಮೊದಲು ಅವರನ್ನೇ ಕೇಳುವುದು, ಮೇಲ್‌ನಲ್ಲಿ, ಏನು ಹೊಂದುತ್ತಿಲ್ಲ ಅಂತ ಸ್ಪಷ್ಟವಾಗಿ ಬರೆದು. ಎರಡು ತಿಂಗಳ ಗ್ಯಾಪ್ ಮುಚ್ಚಿಟ್ಟ ಆಪರೇಟರ್‌ನನ್ನು ತಗೊಂಡಿದ್ದೇವೆ. ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಹೋಗಿದ್ದ, ಗ್ಯಾಪ್ ಅಂದರೆ ಕೆಲಸ ಸಿಗಲ್ಲ ಅಂತ ಯಾರೋ ಹೆದರಿಸಿದ್ದರು. ಸ್ಟೋರ್ಸ್ ಹುದ್ದೆಗೆ ಬಂದವನೊಬ್ಬ ಹಿಂದಿನ ಕಡೆ ಲೆಕ್ಕದ ತಕರಾರಲ್ಲಿ ಹೊರಬಿದ್ದದ್ದನ್ನು ಮುಚ್ಚಿಟ್ಟಿದ್ದ, ಕೇಳಿದಾಗ ಅವನೇ ಒಪ್ಪಿಕೊಂಡ. ಅವನನ್ನು ತಗೊಳ್ಳಲಿಲ್ಲ. ತಗೊಳ್ಳದವರ ಕಾಗದಪತ್ರ ನಾನು ಇಟ್ಟುಕೊಳ್ಳುವುದಿಲ್ಲ, ಆಧಾರ್ ಅಂತೂ ಮೊದಲಿಂದಲೇ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ್ದನ್ನೇ ಕೇಳುತ್ತೇನೆ.