ಒಂದೇ ಕಂಪ್ಯೂಟರ್‌ಗೆ ಪ್ರಿಂಟ್ ಇಲ್ಲ: ಕಾರಣ ಸಬ್‌ನೆಟ್ ಮಾಸ್ಕ್

ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಮಾಲು ಜಾಸ್ತಿ ಬರುವ ಹೊತ್ತಿನಲ್ಲೇ ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಪ್ರಿಂಟ್ ನಿಂತಿತು. ಪಕ್ಕದ ಕಂಪ್ಯೂಟರ್‌ನಿಂದ ಸಲೀಸಾಗಿ ಬರುತ್ತಿತ್ತು. ಕೇಬಲ್ ಸರಿ ಇತ್ತು, ಆದರೆ ಬಿಲ್ಲಿಂಗ್ ಕಂಪ್ಯೂಟರ್‌ನಿಂದ ಪ್ರಿಂಟರ್‌ಗೆ ಕಳಿಸಿದ ಪಿಂಗ್‌ಗೆ (ಅಲ್ಲಿದ್ದೀಯಾ ಅಂತ ಕೇಳುವ ಸಣ್ಣ ಸಂದೇಶ) ಉತ್ತರವಿಲ್ಲ. ಇಂಥ ಹೊತ್ತಲ್ಲಿ ಸುಮ್ನೆ ಡ್ರೈವರ್ (ಪ್ರಿಂಟರ್ ನಡೆಸುವ ಸಾಫ್ಟ್‌ವೇರ್) ತೆಗೆದು ಹಾಕುತ್ತಾ ಕೂರಬಾರದು. ಮೊದಲು ಪ್ರತಿ ಯಂತ್ರದ ನೆಟ್‌ವರ್ಕ್ ವಿಳಾಸ (ಐಪಿ) ಬರೆದುಕೊಳ್ಳಬೇಕು.

ಪ್ರಿಂಟರ್ 192.168.1.40. ಪಕ್ಕದ್ದು 192.168.1.20. ಬಿಲ್ಲಿಂಗ್‌ನದು 192.168.1.150. ಕಂಪ್ಯೂಟರ್‌ಗಳ ಮಾಸ್ಕ್ 255.255.255.0, ಪ್ರಿಂಟರ್‌ನದು ಮಾತ್ರ 255.255.255.128!

ವಿಳಾಸದಲ್ಲಿ ಎಷ್ಟು ಭಾಗ ನೆಟ್‌ವರ್ಕ್‌ನದು, ಎಷ್ಟು ಭಾಗ ಆ ಯಂತ್ರದ್ದು ಅಂತ ಹೇಳುವುದೇ ಮಾಸ್ಕ್. ಮಾಸ್ಕ್‌ನ ಕೊನೆಗೆ 0 ಇದ್ದರೆ, ವಿಳಾಸದ ಕೊನೆಯ ಸಂಖ್ಯೆ 0ಯಿಂದ 255ರವರೆಗೆ ಎಲ್ಲ ಒಂದೇ ಕೇರಿ. 128 ಇದ್ದರೆ ಅದೇ ಕೇರಿ ಎರಡು ಹೋಳು: 0–127 ಒಂದು, 128–255 ಇನ್ನೊಂದು. ಪ್ರಿಂಟರ್ ಲೆಕ್ಕದಲ್ಲಿ 20 ಒಳಗಿನದು, 150 ಹೊರಗಿನದು. ಹೊರಗಿನದಕ್ಕೆ ಉತ್ತರ ಗೇಟ್‌ವೇ (ಬೇರೆ ಕೇರಿಗೆ ದಾಟಿಸುವ ಬಾಗಿಲು, ಇಲ್ಲಿ ರೂಟರ್) ಮೂಲಕವೇ ಹೋಗಬೇಕು, ಅಲ್ವಾ? ಪ್ರಿಂಟರ್‌ನಲ್ಲಿ ಗೇಟ್‌ವೇ ಜಾಗ ಖಾಲಿ. ಪಿಂಗ್ ಅಲ್ಲಿಗೆ ತಲುಪುತ್ತಿತ್ತು, ಉತ್ತರ ವಾಪಸ್ ಬರಲು ದಾರಿ ಇರಲಿಲ್ಲ.

ಪ್ರಿಂಟರ್ ಮೆನುವಿನಲ್ಲಿ ಮಾಸ್ಕ್ 255.255.255.0 ಮಾಡಿದೆ. ಗೇಟ್‌ವೇಗೆ ರೂಟರ್ ವಿಳಾಸ 192.168.1.1 ಹಾಕಿ, ಆಫ್ ಮಾಡಿ ಆನ್ ಮಾಡಿದೆ. ಪಿಂಗ್‌ಗೆ ತಕ್ಷಣ ಉತ್ತರ ಬಂತು, ನಿಂತಿದ್ದ ಬಿಲ್ಲುಗಳೆಲ್ಲ ಪ್ರಿಂಟ್ ಆದವು.